ಶಿದ್ಲಿಂಗಪ್ಪನ ಡೆಮೋ

ಮೆಷೀನು ಹುಡುಗಿಯ ಸೆರಗನ್ನು ಎಳೆಯುತ್ತಿತ್ತು!

"ಬಂದ್ ಮಾಡ್ರೀ... ಬಂದ್ ಮಾಡ್ರೀ!" ಹುಡುಗಿ ಚೀರಿದಳು.

ಸುತ್ತ ನಿಂತವರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಒಬ್ಬನ ಕೈಯೂ ಮುಂದೆ ಬರಲಿಲ್ಲ.

ಜನರನ್ನು ತಳ್ಳಿಕೊಂಡು ನುಗ್ಗಿದೆ. ಸ್ಟಾಪ್ ಬಟನ್ ಎಲ್ಲಿ?

ಇತ್ತು. ಮಾಲೀಕನ ನಗುಮುಖದ ಬ್ಯಾನರ್ ಅದರ ಮೇಲೆಯೇ ಕಟ್ಟಿದ್ದರು!

ಬ್ಯಾನರ್ ಹರಿದೆ. ಬಟನ್ ಗುದ್ದಿದೆ. ಮೇವು ಕತ್ತರಿಸುವ ಬ್ಲೇಡು ಗರಗರನೆ ತಿರುಗಿ ನಿಂತಿತು... ಹುಡುಗಿಯ ಮೊಣಕೈಗೂ ಅದಕ್ಕೂ ಒಂದು ಗೇಣು.

ಹುಡುಗಿ ನಂದಿನಿ. ಮೂಡಲಗಿಯವಳು. ಆ ಮಳಿಗೆಯ ಸೇಲ್ಸ್ ಗರ್ಲ್.

ನಾನು ಆಮ್ರಪಾಲಿ. ಗೋಕಾಕದ ಈ ಕೃಷಿ ಯಂತ್ರ ಮೇಳಕ್ಕೆ ಸೇಫ್ಟಿ ಆಫೀಸರ್. ಮಳಿಗೆ ಹಾಕಿದವರು ಬಂದವರನ್ನು ಕೊಲ್ಲದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಸುಲಭ ಅಂದುಕೊಂಡಿರಾ? ಶಿದ್ಲಿಂಗಪ್ಪನನ್ನು ನೀವು ನೋಡಿಲ್ಲ.

ಆ ಮಳಿಗೆಯ ಮಾಲೀಕ, ಹುಕ್ಕೇರಿಯ ಡೀಲರ್ ಅವನು. ಬಿಳಿ ಬೂಟು, ಕಪ್ಪು ಕನ್ನಡಕ, ಬೆರಳಿಗೊಂದು ಉಂಗುರ... ತಲೆಯೊಂದೇ ಖಾಲಿ.

"ಡೆಮೋ ಯಾಕ ನಿಲ್ಸಿದ್ರಿ?"

"ಬ್ಲೇಡಿನ ಗಾರ್ಡ್ ಎಲ್ಲೈತ್ರಿ?"

"ತಗದೇನಿ. ಬ್ಲೇಡ್ ಕಾಣ್ಲಿಲ್ಲಂದ್ರ ಗಿರಾಕಿ ಬರ್ತಾರೇನ್ರಿ?"

"ಹೋದ ಕೈ ತಿರುಗಿ ಬರ್ತೈತೇನ್ರಿ?"

"ಸೆರಗ ಸಂಬಾಳಿಸಾಕ ಬರಂಗಿಲ್ಲ ಇಕಿಗೆ. ಅದಕ್ಕ ನಾ ಏನ್ ಮಾಡ್ಲಿ?"

ನಂದಿನಿ ತಲೆ ತಗ್ಗಿಸಿದಳು. ನನಗೆ ಉರಿದುಹೋಯಿತು. ಅವನ ಮಳಿಗೆಯ ಮೇನ್ ಸ್ವಿಚ್ ಇಳಿಸಿದೆ. ಸ್ವಿಚ್ಚಿನ ಪೆಟ್ಟಿಗೆಗೆ ನನ್ನದೇ ಬೀಗ ಜಡಿದೆ. ಚಾವಿ ಜೇಬಿಗೆ.

ಮೇಳದ ಸಂಘಟಕ ಸಮ್ಮೇದ ಓಡಿ ಬಂದ. "ಮ್ಯಾಡಮ್, ಅವರು ದೊಡ್ಡ ಸ್ಪಾನ್ಸರ್ ಅದಾರ್ರಿ. ಸ್ವಲ್ಪ ಹೊಂದ್ಕೊಂಡ್ ಹೋಗ್ರಿ..."

"ಬ್ಲೇಡಿಗೆ ಹೇಳ್ರಿ, ಹೊಂದ್ಕೋ ಅಂತ."

ಸಮ್ಮೇದ ಬೆವರು ಒರೆಸಿಕೊಂಡ. ಶಿದ್ಲಿಂಗಪ್ಪ ಚಿಟಿಕೆ ಹೊಡೆದ.

"ಸತ್ತೆಪ್ಪಾ! ಚಾವಿ ತಗೊಂಬಾ!"

ಅವನ ಪೈಲ್ವಾನ ಸತ್ತೆಪ್ಪ ಎದ್ದು ನಿಂತ. ಬಾಗಿಲಿನಷ್ಟು ಅಗಲ!

ಓಡಿದೆ. ನೇಗಿಲುಗಳ ನಡುವೆ, ಪೈಪುಗಳ ಮೇಲೆ, ಟ್ರ್ಯಾಕ್ಟರಿನ ಅಡಿಗೆ ನುಸುಳಿ... ಬೆನ್ನ ಹಿಂದೆ ಅವನ ಬೂಟು ಧಡಧಡ!

ಪೆಂಡಾಲಿನ ತುದಿಯಲ್ಲಿ ಎಮರ್ಜೆನ್ಸಿ ಗೇಟು. ಬದುಕಿದೆ ಅಂದುಕೊಂಡೆ.

ಗೇಟಿನ ಮುಂದೆ ಆಳೆತ್ತರದ ಪೆಟ್ಟಿಗೆಗಳ ಗೋಡೆ! ಪ್ರತಿ ಪೆಟ್ಟಿಗೆಯ ಮೇಲೂ ಶಿದ್ಲಿಂಗಪ್ಪನ ಹೆಸರು. ಬೆಳಿಗ್ಗೆ ನಾನು ಖಾಲಿ ಮಾಡಿಸಿದ್ದ ಜಾಗ ಅದು. ಗೋದಾಮು ಮಾಡಿಕೊಂಡಿದ್ದ, ಬೇಕೂಫ!

"ಚಾವಿ ಕೊಡ್ರಿ, ಅಕ್ಕಾರ," ಅಂದ ಸತ್ತೆಪ್ಪ, ನನ್ನ ಮಣಿಕಟ್ಟು ತಿರುಚುತ್ತ. ಮರ್ಯಾದಸ್ಥ.

"ಕೊಡಂಗಿಲ್ಲ."

ಧಪ್!

ಇಬ್ಬರೂ ತಿರುಗಿದೆವು. ಚಾವಿಗೆ ಕಾಯುವ ತಾಳ್ಮೆಯೂ ಶಿದ್ಲಿಂಗಪ್ಪನಿಗೆ ಇರಲಿಲ್ಲ. ಪೆಂಡಾಲಿನೊಳಗೇ ಜನರೇಟರ್ ಚಾಲೂ ಮಾಡಿ, ಓಡುತ್ತಿರುವಾಗಲೇ ಅದಕ್ಕೆ ಪೆಟ್ರೋಲ್ ಸುರಿದಿದ್ದ!

ಬಟ್ಟೆಯ ಗೋಡೆ ಹೊತ್ತಿಕೊಂಡಿತು. ಮುಖ್ಯ ದ್ವಾರದ ದಾರಿ ಹೊಗೆಯಲ್ಲಿ ಮುಳುಗಿತು. ಜನ ನಮ್ಮತ್ತ ನುಗ್ಗಿದರು... ಹೆಂಗಸರು, ಮುದುಕರು, ಕಂಕುಳಲ್ಲಿ ಕೂಸುಗಳು. ಬೆನ್ನಿಗೆ ಬೆಂಕಿ. ಎದುರಿಗೆ ಪೆಟ್ಟಿಗೆ.

"ಸತ್ತೆಪ್ಪಾ! ಚಾವಿ ಬೇಕೋ, ಈ ಮಂದಿ ಬೇಕೋ?"

ಅವನು ಜನರನ್ನು ನೋಡಿದ. ನನ್ನ ಕೈ ಬಿಟ್ಟ.

"ಬಾಜೂಕ ಸರೀರಿ ಅಕ್ಕಾರ!"

ಪೆಟ್ಟಿಗೆಗೆ ಭುಜ ಕೊಟ್ಟ. ನಾನೂ ಕೊಟ್ಟೆ. ಒಂದು ಉರುಳಿತು... ಇನ್ನೊಂದು... ಗೇಟು ಅರ್ಧ ತೆರೆಯಿತು!

ಮೊದಲು ಹೊರಬಿದ್ದವನು ಯಾರು ಹೇಳಿ? ಶಿದ್ಲಿಂಗಪ್ಪ! ನಂದಿನಿಯನ್ನು ಬದಿಗೆ ನೂಕಿ, ಕೂಸೆತ್ತಿಕೊಂಡವಳನ್ನು ದಾಟಿ ಹಾರಿದ. ಬಿಳಿ ಬೂಟೊಂದು ಅಲ್ಲೇ ಉಳಿಯಿತು.

ಸತ್ತೆಪ್ಪ ಜನರನ್ನು ಒಬ್ಬೊಬ್ಬರನ್ನಾಗಿ ದಾಟಿಸಿದ. ನಾನು ಎಕ್ಸ್‌ಟಿಂಗ್ವಿಷರ್ ಹೊತ್ತು ಒಳಕ್ಕೆ ಓಡಿದೆ. ಕಣ್ಣಲ್ಲಿ ನೀರು, ಗಂಟಲಲ್ಲಿ ಹೊಗೆ... ಪುಡಿ ಮುಗಿಯುವಷ್ಟರಲ್ಲಿ ಬೆಂಕಿ ಮಲಗಿತು.

ಯಾರೂ ಸಾಯಲಿಲ್ಲ. ಶಿದ್ಲಿಂಗಪ್ಪನ ಪುಣ್ಯದಿಂದಲ್ಲ.

ಹೊರಗೆ ಅವನು ಆಗಲೇ ಪೊಲೀಸರ ಮುಂದೆ ಭಾಷಣ ಶುರು ಮಾಡಿದ್ದ. "ಎಲ್ಲಾ ಈ ಹುಡುಗೀದ ತಪ್ಪರೀ. ಸೀರಿ ಉಟ್ಕೊಂಡ್ ಮಷೀನ್ ಮುಂದ..."

"ಸೀರಿ ಉಟ್ಕೊಂಡ್ ಬಾ ಅಂದವರು ನೀವ ಅಲ್ರಿ?" ನಂದಿನಿ ತಲೆ ಎತ್ತಿದ್ದಳು. "ಗಾರ್ಡ್ ಬಿಚ್ಚಿದವರೂ ನೀವ. ಸಾಹೇಬ್ರ, ನಾ ಕಂಪ್ಲೇಂಟ್ ಕೊಡ್ತೇನ್ರಿ."

"ಪೆಟ್ಟಿಗಿ ನಾ ಇಟ್ಟೇನ್ರಿ. ಇಡು ಅಂದವರು ಇವರು," ಅಂದ ಸತ್ತೆಪ್ಪ.

ಪೊಲೀಸರು ಶಿದ್ಲಿಂಗಪ್ಪನನ್ನು ಒಂದೇ ಬೂಟಿನಲ್ಲಿ ಜೀಪಿನ ಹತ್ತಿರ ನಡೆಸಿದರು.

ಹತ್ತಿದವನು ಸೀಟು ತಡಕಿ ಗಾಬರಿಯಾದ. "ಮ್ಯಾಡಮ್! ಇಲ್ಲಿ ಸೀಟ್ ಬೆಲ್ಟ್ ಇಲ್ರೀ! ನನಗ ಏನಾರ ಆದ್ರ?"

ಜೀಪಿನ ಬಾಗಿಲನ್ನು ನಾನೇ ಜಡಿದೆ... ಅವನ ಬೆರಳು ಸಿಕ್ಕಿಕೊಳ್ಳುವುದಿಲ್ಲ ಎಂದು ನೋಡಿಕೊಂಡ ಮೇಲೆ. ಡ್ಯೂಟಿ ಅಂದರೆ ಡ್ಯೂಟಿ!