ಗರುಡ, ಗುಬ್ಬಿ ಮತ್ತು ಶಿರೀಷಾಳ ಹಂಸ

"ಮಿಸ್, ಗರುಡ ಮತ್ತೆ ಹ್ಯಾಂಗ್ ಆಗೋಯ್ತು!"

ಶಿರೀಷಾಳ ಕೂಗಿಗೆ ಕಂಪ್ಯೂಟರ್ ರೂಮಿನ ಎಲ್ಲರೂ ತಿರುಗಿ ನೋಡಿದರು. ಬಣ್ಣದ ಸ್ಕ್ರೀನಿನಲ್ಲಿ ಅವಳ ಆಟದ ಹಂಸ ಒಂದು ಕಾಲೆತ್ತಿಕೊಂಡು ಹಾಗೇ ನಿಂತುಬಿಟ್ಟಿತ್ತು.

"ನಿನ್ ಹಂಸ ನಿದ್ದೆ ಹೊಡೀತೈತೆ ಕಣೆ. ಒಂದು ಜೋಗುಳ ಹಾಡು," ಎಂದ ಪಕ್ಕದಲ್ಲಿ ಕೂತಿದ್ದ ತಿಪ್ಪೇಶ.

"ನಿನ್ ಆಟದ ಬೈಕು ನಿನ್ನೆ ಗೋಡೆ ಒಳಗೆ ಹೋಗಿ ಕೂತಿತ್ತಲ್ಲ, ಅದನ್ನ ಎಬ್ಬಿಸ್ಕೋ ಹೋಗು," ಎಂದಳು ಶಿರೀಷಾ. ಬಾಯಿ ಜೋರಾಗಿದ್ದರೂ ಅವಳಿಗೆ ಒಳಗೊಳಗೇ ಭಯವಾಗಿತ್ತು. ಇವತ್ತು ಬುಧವಾರ. ಶನಿವಾರಕ್ಕೆ ಆಟ ರೆಡಿ ಇರಬೇಕು.

ಹಿಂದೂಪುರದ ಅವರ ಶಾಲೆಯ ಗೇಮ್ ಕ್ಲಬ್ಬಿಗೆ ಎರಡು ಥರದ ಆಟದ ಪೆಟ್ಟಿಗೆಗಳು ಬಂದಿದ್ದವು. ಒಂದರ ಹೆಸರು ಗರುಡ. ದೊಡ್ಡ ಸ್ಕ್ರೀನು, ಸಾವಿರ ಬಣ್ಣ, ಸಿನಿಮಾದಂಥ ಸೌಂಡು. ಇನ್ನೊಂದು ಗುಬ್ಬಿ. ಬೆಂಕಿಪೊಟ್ಟಣದಷ್ಟು ಸ್ಕ್ರೀನು, ಕಪ್ಪು ಬಿಳುಪು ಬಿಟ್ಟರೆ ಬೇರೆ ಬಣ್ಣವಿಲ್ಲ, ಎರಡೇ ಬಟನ್ನು. ಕ್ಲಬ್ಬಿನಲ್ಲಿ ಆರು ಮಕ್ಕಳು. ನಾಲ್ವರು ದೊಡ್ಡವರು ಗರುಡಕ್ಕೇ ಆಟ ಮಾಡುತ್ತಿದ್ದರು. ಗುಬ್ಬಿಗೆ ಮಾಡುತ್ತಿದ್ದವರು ನಾಲ್ಕನೇ ಕ್ಲಾಸಿನ ಇಬ್ಬರು ಪುಟಾಣಿಗಳು.

ಶನಿವಾರ ಎಲ್ಲರೂ ಕಲ್ಯಾಣದುರ್ಗದ ಒಂದು ಶಾಲೆಗೆ ಹೋಗಬೇಕಿತ್ತು. ಪೆಟ್ಟಿಗೆಗಳನ್ನೆಲ್ಲ ಆ ಶಾಲೆಗೇ ಕೊಟ್ಟು ಬರುವುದು. ಅಲ್ಲಿನ ಮಕ್ಕಳು ಒಂದು ಗಂಟೆ ಇವರ ಆಟ ಆಡುತ್ತಾರೆ. ಯಾರ ಆಟವನ್ನು ಹೆಚ್ಚು ಮಕ್ಕಳು ಕೊನೆತನಕ ಆಡುತ್ತಾರೋ ಆ ಆಟ ಅಲ್ಲೇ ಉಳಿಯುತ್ತದೆ. ಮೊದಲ ಸ್ಕ್ರೀನಿನಲ್ಲಿ ಮಾಡಿದವರ ಹೆಸರೂ ಇರುತ್ತದೆ. ಆ ಹೆಸರು ತನ್ನದೇ ಆಗಬೇಕೆಂದು ಶಿರೀಷಾ ಮೂರು ವಾರದಿಂದ ಆಟದ ಪೀರಿಯಡ್ಡಿಗೂ ಹೋಗಿರಲಿಲ್ಲ.

ಕೃಷ್ಣವೇಣಿ ಮಿಸ್ ಬಂದು ನೋಡಿದರು. "ಒಂದು ಸಣ್ಣ ತಪ್ಪು ತಿದ್ದಿದ್ರೂ ಗರುಡಕ್ಕೆ ಲೋಡ್ ಆಗೋಕೆ ಇಪ್ಪತ್ತು ನಿಮಿಷ ಬೇಕು ಕಣಮ್ಮ. ನಾಳೆ ನೋಡೋಣ," ಎಂದರು.

ಸಂಜೆ ಶಿರೀಷಾ ಮುಖ ಊದಿಸಿಕೊಂಡು ಅಪ್ಪನ ಮಗ್ಗದ ಪಕ್ಕ ಕೂತಳು. ಅಪ್ಪ ಕೇಶವಯ್ಯ ರೇಷ್ಮೆ ಸೀರೆಗೆ ಹಂಸದ ಅಂಚು ನೇಯುತ್ತಿದ್ದರು. ಹಿಂದಿನ ಬೀದಿಯ ನರಸಿಂಹಯ್ಯ ತಾತ ಹೊಸ ಡಿಸೈನಿನ ರಟ್ಟಿನ ಕಾರ್ಡು ತಂದಿದ್ದರು. ಮಗ್ಗದ ಮೇಲಿನ ಜಕಾರ್ಡ್ ಮಿಶನ್ನಿಗೆ ಆ ತೂತಿನ ಕಾರ್ಡುಗಳನ್ನು ಕಟ್ಟಿದರೆ, ಯಾವ ಎಳೆ ಮೇಲೇಳಬೇಕೆಂದು ಅದಕ್ಕೆ ಗೊತ್ತಾಗುತ್ತದೆ.

"ತಾತಾ, ನಿಮಗೆ ಅಷ್ಟು ದೊಡ್ಡ ದೊಡ್ಡ ಡಿಸೈನ್ ಬತ್ತದೆ. ಯಾವಾಗ್ಲೂ ಈ ಚಿಕ್ಕ ಮಿಶನ್ನಿಗೇ ಯಾಕೆ ಕಾರ್ಡು ಹೊಡೀತೀರಿ?"

"ನಿಮ್ ಬೀದೀಲಿ ದೊಡ್ಡ ಮಿಶನ್ನು ಎಷ್ಟವೆ ಪಾಪಾ?"

"ಒಂದು. ಜಯಚಂದ್ರಣ್ಣನ ಮನೇಲಿ."

"ಚಿಕ್ಕವು?"

ಶಿರೀಷಾ ಬೆರಳು ಮಡಿಸಿ ಎಣಿಸತೊಡಗಿದಳು. ಎರಡೂ ಕೈ ಮುಗಿದರೂ ಬೀದಿ ಮುಗಿಯಲಿಲ್ಲ.

"ನೋಡು ಮತ್ತೆ! ದೊಡ್ಡದಕ್ಕೆ ಮಾಡಿದ್ರೆ ಒಬ್ಬ ನೇಯ್ತಾನೆ. ಇದಕ್ಕೆ ಮಾಡಿದ್ರೆ ಬೀದಿಗೆ ಬೀದೀನೇ ನೇಯ್ತದೆ ಕಣಮ್ಮ. ತಪ್ಪಾಗಿದ್ರೆ ಎಲ್ಡು ಕಾರ್ಡು ಬದಲಾಯಿಸ್ಬುಟ್ಟು ಹೋಯ್ತೀನಿ. ದೊಡ್ಡದರಲ್ಲಿ ತಪ್ಪಾದ್ರೆ ದಿನಾನೇ ಹೋಯ್ತದೆ."

"ಚಿಕ್ಕದರಲ್ಲಿ ಹಂಸ ಚೆಂದ ಬರಲ್ಲ ಅಲ್ವಾ?"

ಅಪ್ಪ ಲಾಳಿ ನಿಲ್ಲಿಸಿ ನಕ್ಕರು. "ರೆಕ್ಕೆ, ಗರಿ ಎಲ್ಲಾ ಬಿಟ್ಬುಡ್ಬೇಕು. ಕತ್ತು ಮಾತ್ರ ಸರಿಯಾಗಿ ಬಗ್ಗಿಸ್ಬೇಕು. ಕತ್ತು ಕಂಡ್ರೆ ಸಾಕು, ಎಲ್ರೂ ಹಂಸ ಅಂತಾರೆ."

ಶಿರೀಷಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಲ್ಯಾಣದುರ್ಗದಲ್ಲಿ ನಲವತ್ತು ಮಕ್ಕಳು. ಗುಬ್ಬಿ ಇಪ್ಪತ್ತು. ಗರುಡ ಎರಡೇ ಎರಡು! ಇಷ್ಟು ದಿನ ಈ ಲೆಕ್ಕ ಯಾಕೆ ಹೊಳೆಯಲಿಲ್ಲ ಅಂತ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಮೂರು ವಾರದ ಬಣ್ಣವನ್ನೆಲ್ಲ ಬಿಡಬೇಕಲ್ಲ ಅಂತ ಅಳುವೂ ಬಂತು. ಅತ್ತು ಮುಗಿಸಿ ನೋಟ್‌ಬುಕ್ ತೆಗೆದಳು. ಮಗ್ಗದ ಮೇಲಿದ್ದ ಹಂಸವನ್ನು ನೋಡಿಕೊಂಡು ಚೌಕಗಳಲ್ಲಿ ಕತ್ತು ಬಗ್ಗಿಸಿದ ಚಿಕ್ಕ ಹಂಸ ಬರೆದಳು.

ಮರುದಿನ ಅವಳು ಗುಬ್ಬಿ ಹಿಡಿದು ಕೂತದ್ದು ನೋಡಿ ತಿಪ್ಪೇಶನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ದೇವುಡಾ! ಪುಟಾಣಿಗಳ ಜೊತೆ ಸೇರ್ಕೊಂಬುಟ್ಟಳು!"

ಶಿರೀಷಾ ತಲೆ ಎತ್ತಲಿಲ್ಲ. ಹಂಸ ಓಡುತ್ತಾ ಬೀಳುವ ಎಳೆಗಳನ್ನು ಹಿಡಿಯಬೇಕು, ಗಂಟು ಬಂದರೆ ಹಾರಬೇಕು. ಅಷ್ಟೇ ಆಟ. ತಪ್ಪಾದರೆ ತಿದ್ದಿದಳು, ಕಣ್ಣು ಮಿಟುಕಿಸುವಷ್ಟರಲ್ಲಿ ಗುಬ್ಬಿಗೆ ಲೋಡ್ ಆಗುತ್ತಿತ್ತು. ಗರುಡದಲ್ಲಿ ದಿನಕ್ಕೆ ಮೂರು ಸಲ ಆಡಿ ನೋಡಿದರೆ ಹೆಚ್ಚು. ಇಲ್ಲಿ ಮೂವತ್ತು ಸಲ ನೋಡಿದಳು. ಅವಳಿಗೇ ಮಜಾ ಬರತೊಡಗಿತು.

ಶನಿವಾರ ಬಸ್ಸು ರೊದ್ದಂ ದಾಟುವಾಗಲೂ ತಿಪ್ಪೇಶ ತನ್ನ ಬೈಕ್ ರೇಸನ್ನೇ ಹೊಗಳಿಕೊಳ್ಳುತ್ತಿದ್ದ. ಕಲ್ಯಾಣದುರ್ಗದ ಶಾಲೆಯಲ್ಲಿ ಮಕ್ಕಳೆಲ್ಲ ಮೊದಲು ಮುಗಿಬಿದ್ದದ್ದೂ ಗರುಡದ ಮುಂದೆಯೇ. ಇಬ್ಬರಿಗೆ ಪೆಟ್ಟಿಗೆ ಸಿಕ್ಕಿತು, ಉಳಿದವರು ಸಾಲು ನಿಂತರು. ನಿಂತೂ ನಿಂತೂ ಬೇಜಾರಾದವರು ಒಬ್ಬೊಬ್ಬರಾಗಿ ಗುಬ್ಬಿಗಳತ್ತ ಬಂದರು. ಮೊದಲು ಬಂದವಳು ಸ್ನೇಹಲತಾ ಎಂಬ ಎರಡು ಜಡೆಯ ಹುಡುಗಿ.

ಅವಳು ಬಟನ್ ಒತ್ತಿದಳು. ಒಂದು ಕ್ಷಣ ನೋಡಿ ಕಿಸಕ್ಕನೆ ನಕ್ಕಳು. "ಏಯ್, ಹಂಸ ವೆನಕ್ಕಿ ನಡುಸ್ತೋಂದೇ! ಹಿಂದಕ್ಕೆ ನಡೀತೈತೆ, ಬಾಲ ಮುಂದೆ, ಕೊಕ್ಕು ಹಿಂದೆ!"

ಸುತ್ತ ಇದ್ದವರೆಲ್ಲ ನಕ್ಕರು. ಶಿರೀಷಾ ಗುಬ್ಬಿ ಕಿತ್ತುಕೊಂಡು ನೋಡಿದಳು. ಹೌದು! ಹಂಸ ಎಡಕ್ಕೆ ಮುಖ ಮಾಡಿಕೊಂಡು ಬಲಕ್ಕೆ ಓಡುತ್ತಿತ್ತು.

ತಪ್ಪು ಎಲ್ಲಿ ಅಂತ ಅವಳಿಗೆ ಆಗ ಹೊಳೆಯಿತು. ಅಪ್ಪ ನೇಯುವಾಗ ಸೀರೆಯ ಮುಖ ಕೆಳಗಿರುತ್ತದೆ. ಮಗ್ಗದ ಪಕ್ಕ ಕೂತವರಿಗೆ ಕಾಣುವುದು ಸೀರೆಯ ಹಿಂಭಾಗ, ಹಂಸದ ಎಡ ಬಲವೂ ಉಲ್ಟಾ. ಅವಳು ಅದನ್ನೇ ನೋಡಿ ಬರೆದಿದ್ದಳು. ಆಡುವಾಗ ಗಮನವೆಲ್ಲ ಎಳೆ, ಗಂಟುಗಳ ಮೇಲೆ; ಹುಟ್ಟಿದಾಗಿನಿಂದ ಹಾಗೇ ನೋಡಿದ್ದ ಕಣ್ಣಿಗೆ ಹಂಸ ಸರಿಯಾಗಿಯೇ ಕಂಡಿತ್ತು. ಮಾತುಮಾತಿಗೆ ಛೇಡಿಸುವ ತಿಪ್ಪೇಶನಿಗೂ ಗೊತ್ತಾಗಿರಲಿಲ್ಲ. ಅವನೂ ಮಗ್ಗದ ಮನೆಯ ಹುಡುಗನೇ.

"ಮಿಸ್, ಲ್ಯಾಪ್‌ಟಾಪ್ ಕೊಡಿ! ಎರಡೇ ನಿಮಿಷ!"

ಹಂಸವನ್ನು ತಿರುಗಿಸಿದಳು. ಒಂದು ಗುಬ್ಬಿಗೆ ಹಾಕಿದಳು, ಇನ್ನೊಂದಕ್ಕೆ ಹಾಕಿದಳು. ಸ್ನೇಹಲತಾ ತಾನೇ ಉಳಿದ ಪೆಟ್ಟಿಗೆಗಳನ್ನು ಒಂದೊಂದಾಗಿ ತಂದು ಕೊಟ್ಟಳು. ಕೊನೆಯದು ಮುಗಿಯುವಷ್ಟರಲ್ಲಿ ಮೊದಲನೆಯವರು ಆಗಲೇ ಎರಡನೇ ಸುತ್ತಿಗೆ ಹೋಗಿದ್ದರು.

ಅತ್ತ ಗರುಡದಲ್ಲಿ ತಿಪ್ಪೇಶನ ಬೈಕು ಗೋಡೆ ಒಳಗೆ ಹೋಗಿ ಕೂತಿತು. ಅವನು ತಿದ್ದಿ ಲೋಡ್ ಮಾಡಲು ಇಟ್ಟ. ಸ್ಕ್ರೀನಿನ ಚಕ್ರ ಸುತ್ತುತ್ತಲೇ ಇತ್ತು.

ಗಂಟೆ ಮುಗಿಯಿತು. ಮಿಸ್ ಲ್ಯಾಪ್‌ಟಾಪ್ ನೋಡಿ ಓದಿದರು. ಗರುಡದಲ್ಲಿ ಎಲ್ಲಕ್ಕಿಂತ ಹೆಚ್ಚು ತಿಪ್ಪೇಶನ ಬೈಕ್ ರೇಸ್, ಐದು ಮಕ್ಕಳು. ಶಿರೀಷಾಳ ಹಂಸ, ಮೂವತ್ತನಾಲ್ಕು!

ಶಿರೀಷಾ ಬೆಂಚಿನ ಮೇಲೆ ಹತ್ತಿ ಕುಣಿದುಬಿಟ್ಟಳು. ಪುಟಾಣಿಗಳಿಬ್ಬರೂ ಹತ್ತಿದರು. ಮಿಸ್ "ಇಳೀರಿ, ಇಳೀರಿ" ಎನ್ನುತ್ತಾ ತಾವೇ ಚಪ್ಪಾಳೆ ತಟ್ಟಿದರು.  ಕೊನೆಗೆ ತಿಪ್ಪೇಶನೂ ತಟ್ಟಿದ, ಜೋರಾಗಿಯೇ.

"ಊಟಕ್ಕೆ ಬರ್ರಪ್ಪಾ!" ಅಡುಗೆಯ ಗಂಗುಲಮ್ಮ ಬಾಗಿಲಲ್ಲಿ ನಿಂತು ಕೂಗಿದರು. ಯಾರೂ ಏಳಲಿಲ್ಲ. ಟಿಕ್ ಟಿಕ್ ಟಿಕ್ ಅಂತ ಇಪ್ಪತ್ತು ಗುಬ್ಬಿಗಳ ಸದ್ದು. ಒಂದೊಂದು ಗುಬ್ಬಿಯ ಮೇಲೂ ಎರಡು ತಲೆ ಬಗ್ಗಿತ್ತು. ಯಾರೋ ಗೆದ್ದರು, ಯಾರೋ ಗಂಟಿಗೆ ಸಿಕ್ಕಿ "ಅಬ್ಬಾ" ಎಂದರು. ಗೋಡೆ ಪಕ್ಕ ಗರುಡದ ಸಾವಿರ ಬಣ್ಣ ಹೊಳೆಯುತ್ತಲೇ ಇತ್ತು. ಶಿರೀಷಾ ಒಮ್ಮೆ ಅದನ್ನು ನೋಡಿದಳು. ಅದರ ಮುಂದೆ ಹೋಗಿ ಕೂರಬೇಕು ಅಂತ ಅನಿಸಲಿಲ್ಲ.

"ಇದು ಮುಗಿದ ಮೇಲೆ ಇನ್ನೊಂದು ಮಾಡ್ಕೊಡ್ತೀಯಾ?" ಸ್ನೇಹಲತಾ ತಲೆ ಎತ್ತದೆಯೇ ಕೇಳಿದಳು.

"ಮಾಡ್ತೀನಿ."

"ಯಾವುದಕ್ಕೆ ಮಾಡ್ತೀಯೆ?" ತಿಪ್ಪೇಶ ಹತ್ತಿರ ಬಂದು ಕೇಳಿದ. ಈ ಸಲ ಅವನು ಛೇಡಿಸುತ್ತಿರಲಿಲ್ಲ.

ಶಿರೀಷಾ ಸ್ನೇಹಲತಾಳ ಹೆಬ್ಬೆರಳುಗಳನ್ನೇ ನೋಡುತ್ತಿದ್ದಳು.

"ಇವಳ ಕೈಯಾಗೆ ಏನೈತೋ ಅದಕ್ಕೆ."