ಮದುಮಗಳು ಹೂ ಬಿಡಿಸಲು ಹೋಗಿದ್ದಾಳೆ

“ಬೂಟು ಬಿಚ್ಚು.”

ಏಣಿಯ ತುದಿಯಿಂದ ಬಂದ ಮಾತಿಗೆ ಈರಜ್ ತಲೆ ಎತ್ತಿ ನೋಡಿದ. ಮೇಲೆ ಕಹಿಕಿತ್ತಳೆ ಮರದ ಎಲೆಗಳ ನಡುವೆ ಕೆಂಡದಂಥ ಎರಡು ಕಣ್ಣು. ಕೆಳಗೆ ಅಂಗಳದ ತುಂಬ ಹಾಸಿದ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಆಗಷ್ಟೇ ಉದುರಿದ ಹೂವು, ಹೂವಿನ ಮೇಲೆ ಅವನ ಬೂಟು!

“ನಾನು ಬಾಗಿಲು ಸರಿಮಾಡೋಕೆ ಬಂದ ಬಡಗಿ...”

“ಬಾಗಿಲು ಅಲ್ಲಿದೆ. ಇದು ಚಹಾ. ಅರ್ಧ ಶಿರಾಜ್ ಊರೇ ಇದನ್ನ ಕುಡಿಯುತ್ತೆ. ನಿನ್ನ ಬೂಟಿನ ಧೂಳನ್ನೂ ಸೇರಿಸಿ ಕುಡಿಸಲಾ ಅವರಿಗೆ?”

ಈರಜ್ ತೆಪ್ಪಗೆ ಬೂಟು ಬಿಚ್ಚಿದ. ಆದರೆ ಬಡಗಿಯ ಕಣ್ಣು ಸುಮ್ಮನಿರುತ್ತದೆಯೇ? ಏಣಿಯ ಮೂರನೇ ಮೆಟ್ಟಿಲು ಅಲುಗಾಡುತ್ತಿದೆ, ಒಂದು ದಿನ ಬೀಳಿಸುತ್ತದೆ ಎಂದ. ನಮ್ಮಜ್ಜಿಯನ್ನು ಬೀಳಿಸಿಲ್ಲ, ನಮ್ಮಮ್ಮನನ್ನು ಬೀಳಿಸಿಲ್ಲ, ನನ್ನನ್ನೂ ಬೀಳಿಸಲ್ಲ, ನಿನ್ನ ಕೆಲಸ ನೋಡಿಕೋ ಎಂದು ಮೇಲಿದ್ದ ಮರ್ಜಾನ್ ಕೊಂಬೆ ಅಲುಗಿಸಿದಳು. ಹೂವೆಲ್ಲ ಅವನ ತಲೆಯ ಮೇಲೆ ಸುರಿಯಿತು.

ಬೇಕಂತಲೇ ಅಲುಗಿಸಿದಳೋ ಏನೋ. ಅವಳನ್ನೇ ಕೇಳಬೇಕು, ಕೇಳುವ ಧೈರ್ಯ ಯಾರಿಗಿದೆ!

ಒಂದು ದಿನದ ಬಾಗಿಲ ಕೆಲಸ ಹನ್ನೊಂದು ದಿನ ಹಿಡಿಯಿತು. ಶಿರಾಜಿನವರು ಸೋಮಾರಿಗಳು ಅಂತ ಇರಾನೆಲ್ಲ ಆಡಿಕೊಳ್ಳುವುದು ಸುಳ್ಳಲ್ಲ ನೋಡು ಎಂದು ಮರ್ಜಾನಳನ್ನು ಸಾಕಿದ ಚಿಕ್ಕಮ್ಮ ಅಖ್ತರ್ ಗೊಣಗಿದಳು. ಅದು ಸೋಮಾರಿತನವಲ್ಲ ಅಂತ ಅವಳಿಗೂ ಗೊತ್ತಿತ್ತು. ದಿನಾ ನಾಲ್ಕು ಗಂಟೆಗೆ ಚಹಾ ಬರುತ್ತಿತ್ತಲ್ಲ!

ಮರ್ಜಾನ್ ತಟ್ಟೆಯಲ್ಲಿ ಹೂ ಹರಡಿಕೊಂಡು ನಡುವಿನ ಹಳದಿ ಕೇಸರಗಳನ್ನೆಲ್ಲ ತೆಗೆಯುತ್ತಿದ್ದಳು. ಎಸಳು ಮಾತ್ರ ನೆರಳಲ್ಲಿ ಒಣಗಬೇಕು. ಆಮೇಲೆ ಕಪ್ಪು ಚಹಾದ ಜೊತೆ ಒಂದು ಚಿಟಿಕೆ, ನೀರು ಕುದಿಯುವ ಸಮಾವರ್ ಪಾತ್ರೆಯ ಮೇಲೆ ಸ್ವಲ್ಪವೇ ಹೊತ್ತು. ಹೊತ್ತು ಮೀರಿದರೆ ಕಹಿ. ಈರಜ್ ಸಕ್ಕರೆ ಉಂಡೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಕುಡಿಯುತ್ತಿದ್ದ. ಕುಡಿಯುತ್ತ ಅವಳ ಬೆರಳುಗಳನ್ನೇ ನೋಡುತ್ತಿದ್ದ.

“ಕೈಯಿಂದ ಕಿತ್ತರೆ ಬೇಗ ಆಗಲ್ವಾ?” ಎಂದು ಒಮ್ಮೆ ಕೇಳಿದ.

“ಕಿತ್ತಿದ್ದು ಕಹಿ ಆಗುತ್ತೆ. ಬಲಿತ ಹೂವು ಕೊಂಬೆ ಅಲುಗಿದರೆ ಸಾಕು, ತಾನೇ ಬೀಳುತ್ತೆ. ನಾವು ಕೆಳಗೆ ಬಟ್ಟೆ ಹಾಸ್ಕೊಂಡು ಕಾಯ್ಬೇಕು, ಅಷ್ಟೇ.”

‘ಕಾಯ್ತೀನಿ...’ ಎಂದುಕೊಂಡ ಈರಜ್.

ಚಳಿಗಾಲದಲ್ಲಿ ಅವನ ತಾಯಿ ಎಫ್ಫತ್ ಖಾನಂ ಹೆಣ್ಣು ಕೇಳಲು ಬಂದಳು. ಮರ್ಜಾನ್ ತಂದ ಚಹಾವನ್ನು ಮೂರು ಲೋಟ ಕುಡಿದು, ಇಂಥ ಚಹಾ ಈ ಜನ್ಮದಲ್ಲಿ ಕುಡಿದಿಲ್ಲ, ನಿನ್ನ ಕೈ ನೋಯದಿರಲಿ ಎಂದು ಹೊಗಳಿದಳು. ವಸಂತದಲ್ಲಿ, ಹೂ ಬಿಡುವ ಕಾಲಕ್ಕೇ, ಇದೇ ಅಂಗಳದ ಮನೆಯಲ್ಲಿ ಮದುವೆ ಎಂದು ನಿಶ್ಚಯವಾಯಿತು.

ಎಲ್ಲ ಚೆನ್ನಾಗಿತ್ತು. ಮದುವೆಗೆ ಮೂರು ದಿನ ಇರುವವರೆಗೆ.

ಅವತ್ತು ಮರ್ಜಾನ್ ಚಹಾ ತಟ್ಟೆ ಹಿಡಿದು ಕೋಣೆಯ ಪರದೆಯ ಹತ್ತಿರ ಬಂದಿದ್ದಳು. ಒಳಗೆ ಮದುವೆಯ ಸಿದ್ಧತೆಗೆ ಬಂದಿದ್ದ ಎಫ್ಫತ್ ಖಾನಂ ಮಗನಿಗೆ ಹೇಳುತ್ತಿದ್ದಳು.

“ನಮ್ಮ ಮನೆ ಸೊಸೆ ಮಂಗನ ಹಾಗೆ ಮರದ ಮೇಲೆ ಕೂತಿರೋದು ನೋಡಿದರೆ ಜನ ಏನಂತಾರೆ? ಮದುವೆ ಆದ ಮೇಲೆ ಆ ಏಣಿ ಹತ್ತೋದು ನಿಲ್ಲಬೇಕು.”

“ನಿಮ್ಮ ಮಾತು ಕಣ್ಣ ಮೇಲೆ ಅಮ್ಮ,” ಎಂದ ಈರಜ್.

ಕಣ್ಣ ಮೇಲೆ! ಮರ್ಜಾನ್ ತಟ್ಟೆ ಹಿಡಿದುಕೊಂಡೇ ಹಿಂದಕ್ಕೆ ತಿರುಗಿದಳು.

ಹಿರಿಯರಿಗೆ ‘ಕಣ್ಣ ಮೇಲೆ’ ಅಂದರೆ ಒಪ್ಪಿದ ಹಾಗೂ ಆಯಿತು, ಆ ಮಾತನ್ನು ಅಲ್ಲಿಗೇ ಮುಗಿಸಿದ ಹಾಗೂ ಆಯಿತು. ಅದು ಶಿರಾಜಿನ ಕೂಸಿಗೂ ಗೊತ್ತು. ಮರ್ಜಾನಳೇ ಚಿಕ್ಕಮ್ಮನಿಗೆ ದಿನಕ್ಕೆ ಹತ್ತು ಸಲ ಹಾಗಂದು, ತನಗೆ ತೋಚಿದ್ದನ್ನೇ ಮಾಡುವವಳು. ಆದರೆ ಪ್ರೀತಿಸಿದವನ ಬಾಯಲ್ಲಿ ಕೇಳಿದಾಗ ಬುದ್ಧಿ ಎಲ್ಲಿ ಕೆಲಸ ಮಾಡುತ್ತದೆ?

‘ನನ್ನ ಚಹಾ ಬೇಕು, ನಾನು ಮರ ಹತ್ತೋದು ಬೇಡ. ಅವನಮ್ಮ ಹೇಳಿದಳು, ಸರಿ. ಇವನು ಒಪ್ಪಿಬಿಟ್ಟನಲ್ಲ...’

ಅಂಗಳದ ಏಳು ಮರಗಳನ್ನು ಅಜ್ಜಿ ನೆಟ್ಟದ್ದು. ಅಪ್ಪ, ಆಮೇಲೆ ಅಮ್ಮ ಹೋದ ಮೇಲೆ ಈ ಹೂವೇ ಅವಳನ್ನೂ ಚಿಕ್ಕಮ್ಮನನ್ನೂ ಸಾಕಿತ್ತು. ಕೊಂಬೆ ಹೇಗೆ ಹಿಡಿಯಬೇಕೆಂದು ಅಮ್ಮ ಕಲಿಸಿದ್ದು ಅದೇ ಏಣಿಯ ಮೇಲೆ. ಅದನ್ನು ಬಿಟ್ಟು ಕೆಳಗಿಳಿದರೆ ತಾನು ಯಾರು? ಈರಜ್‌ನನ್ನು ನೇರವಾಗಿ ಕೇಳಲಿಲ್ಲ. ಸ್ವಾಭಿಮಾನ ಬಿಡಬೇಕಲ್ಲ!

ಮದುವೆಯ ದಿನ ಬೆಳಿಗ್ಗೆ ಅಂಗಳಕ್ಕೆ ಬಂದು ನೋಡಿದರೆ ಏಣಿಯೇ ಇಲ್ಲ. ಎಲ್ಲಿ ಎಂದು ಕೇಳಿದಳು. ಈರಜ್ ನಿನ್ನೆ ತಗೊಂಡು ಹೋದ ಎಂದ ಚಿಕ್ಕಮ್ಮ ಥಟ್ಟನೆ ನಾಲಿಗೆ ಕಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಮರ್ಜಾನಳಿಗೆ ಇನ್ನೇನು ಸಾಕ್ಷಿ ಬೇಕು? ಎದೆ ಒಡೆದುಹೋಯಿತು. ಅಳಲಿಲ್ಲ. ಹಲ್ಲು ಕಚ್ಚಿ ಬಿಳಿ ಉಡುಪು ಉಟ್ಟಳು.

ಮದುಮಕ್ಕಳ ಮುಂದೆ ಕನ್ನಡಿ, ದೀಪ, ತಲೆಯ ಮೇಲೆ ಹಿಡಿದ ಬಟ್ಟೆ, ಅದರ ಮೇಲೆ ಬಾಳು ಸಿಹಿಯಾಗಲೆಂದು ಹೆಂಗಸರು ಉಜ್ಜುತ್ತಿದ್ದ ಸಕ್ಕರೆ ಗಟ್ಟಿ. ಮುಲ್ಲಾ ಮೊದಲ ಸಲ ಕೇಳಿದರು, ಮದುಮಗಳಿಗೆ ಒಪ್ಪಿಗೆಯೇ?

ಮೊದಲ ಸಲಕ್ಕೇ ಹೂಂ ಅನ್ನುವ ಹುಡುಗಿ ಎಲ್ಲಾದರೂ ಉಂಟೇ? ಹೆಂಗಸರು ವಾಡಿಕೆಯಂತೆ ಕೂಗಿದರು, “ಮದುಮಗಳು ಹೂ ಬಿಡಿಸೋಕೆ ಹೋಗಿದ್ದಾಳೆ!”

“ಹೌದು,” ಎಂದಳು ಮರ್ಜಾನ್ ಮುಸುಕಿನೊಳಗಿಂದ. “ಹೋಗಿದೀನಿ. ಮುಂದಿನ ವರ್ಷವೂ ಹೋಗ್ತೀನಿ.”

ಸಕ್ಕರೆ ಉಜ್ಜುವ ಕೈಗಳು ನಿಂತವು. ಮುಲ್ಲಾ ಕೆಮ್ಮಿ ಎರಡನೇ ಸಲ ಕೇಳಿದರು. ಮದುಮಗಳು ಪನ್ನೀರು ತರೋಕೆ ಹೋಗಿದ್ದಾಳೆ ಎಂದು ಹೆಂಗಸರು ಮೆಲ್ಲಗೆ ಹೇಳಿದರು. ಮೂರನೇ ಸಲಕ್ಕೆ ಮುಂಚೆ ಗಂಡಿನ ಕಡೆಯವರು ಹುಡುಗಿಯ ನಾಲಿಗೆ ಬಿಡಿಸುವ ಉಡುಗೊರೆ ಕೊಡಬೇಕು. ಎಫ್ಫತ್ ಖಾನಂ ಚಿನ್ನದ ಬಳೆಗಳ ಪೆಟ್ಟಿಗೆ ತೆರೆದಳು.

“ಚಿನ್ನ ಬೇಡ,” ಎಂದಳು ಮರ್ಜಾನ್. “ನನ್ನ ಏಣಿ ಕೊಡಿ.”

ಕನ್ನಡಿಯಲ್ಲಿ ಈರಜ್‌ನ ಮುಖ ಕಂಡಿತು. ಅವನು ಅವಳನ್ನೇ ಒಂದು ಕ್ಷಣ ನೋಡಿದ. ಸರಕ್ಕನೆ ಎದ್ದು ಬೀದಿಬಾಗಿಲ ಕಡೆ ಹೊರಟುಹೋದ.

‘ಹೋದ... ಹೋಗಲಿ!’ ಕಣ್ಣು ತುಂಬಿ ಬಂತು. ಅವಳೂ ಎದ್ದಳು.

“ಮೂರನೇ ಸಲ ಕೇಳಿದರೆ ಹೇಳಿಬಿಡು ಚಿಕ್ಕಮ್ಮ, ಮದುಮಗಳು ಹೂ ಬಿಡಿಸೋಕೆ ಹೋಗಿದ್ದಾಳೆ ಅಂತ. ಈ ಸಲ ನಿಜವಾಗ್ಲೂ.”

ಅಂಗಳಕ್ಕೆ ಬಂದು ಬಿಳಿ ಬಟ್ಟೆ ಹಾಸಿದಳು. ಉಡುಪು ಎತ್ತಿ ಕಟ್ಟಿ, ಮರದ ಕವಲಿಗೆ ಕಾಲು ಕೊಟ್ಟು ಹತ್ತಿಯೇಬಿಟ್ಟಳು. ಮುಳ್ಳಿಗೆ ಸಿಕ್ಕಿ ಮುಸುಕು ಹರಿಯಿತು. ಹರಿಯಲಿ ಬಿಡು ಎಂದುಕೊಂಡಳು.

ಆಗ ಬೀದಿಬಾಗಿಲು ತೆರೆಯಿತು. ಹೆಗಲ ಮೇಲೆ ಏಣಿ ಹೊತ್ತು ಈರಜ್ ಬಂದ.

ಏಣಿಯನ್ನು ಅವಳ ಮರಕ್ಕೇ ಒರಗಿಸಿದ. ಮರ್ಜಾನ್ ಕಣ್ಣರಳಿಸಿ ನೋಡಿದಳು. ಏಣಿಯ ಎರಡೂ ಕಾಲು ಹೊಸವು. ಆದರೆ ಮೆಟ್ಟಿಲುಗಳು... ಅವಳ ಅಂಗಾಲಿಗೆ ಗೊತ್ತಿದ್ದ, ಸವೆದು ನುಣುಪಾದ ಅವೇ ಮೆಟ್ಟಿಲುಗಳು!

“ನಿಮ್ಮಜ್ಜಿ ತುಳಿದಿದ್ದು, ನಿಮ್ಮಮ್ಮ ತುಳಿದಿದ್ದು, ಎಲ್ಲಾ ಹಾಗೇ ಇಟ್ಟಿದೀನಿ,” ಎಂದ. “ಮೂರನೇದು ಮಾತ್ರ ಹೊಸದು. ನಾಲಿಗೆ ಬಿಡಿಸೋ ಉಡುಗೊರೆ ಅಂತ ಗಾಡಿಯಲ್ಲಿ ಬಚ್ಚಿಟ್ಟಿದ್ದೆ. ನೀನೇ ಮೊದಲು ಕೇಳಿಬಿಟ್ಟೆ.”

ಅಮ್ಮನ ಹೆಜ್ಜೆಯನ್ನು ಯಾರು ಹೀಗೆ ಜೋಪಾನ ಮಾಡುತ್ತಾರೆ? ಆದರೂ ಮರ್ಜಾನ್ ಸೋಲಲಿಲ್ಲ.

“ಅಮ್ಮನಿಗೆ ಕಣ್ಣ ಮೇಲೆ ಅಂದಿಯಲ್ಲ?”

ಅಷ್ಟರಲ್ಲಿ ಎಫ್ಫತ್ ಖಾನಂ ಹೊಸ್ತಿಲಿಗೆ ಬಂದಿದ್ದಳು. ಇದೇನಾ ನೀನು ನನಗೆ ಕೊಟ್ಟ ಮಾತು ಎಂದು ಅವಳೂ ಕೇಳಿದಳು.

“ಆ ಏಣಿ ಹತ್ತೋದು ನಿಲ್ಲಬೇಕು ಅಂದ್ರಿ ಅಮ್ಮ. ನಿಲ್ತು. ಬೀಳಿಸೋ ಏಣಿ ಅದು,” ಎಂದ ಈರಜ್. “ಇದು ಬೀಳಿಸಲ್ಲ. ಅವಳು ಮರ ಹತ್ತಬಾರದು ಅನ್ನೋದಾದರೆ ನನಗೆ ಮದುವೆ ಬೇಡ. ನಾನು ಇಷ್ಟಪಟ್ಟಿದ್ದೇ ಮರದ ಮೇಲಿದ್ದವಳನ್ನ.”

ಮಗ ಎದುರಾಡಿದ್ದು ಇದೇ ಮೊದಲು. ಇಷ್ಟು ಹೂವು ಬೇಕಾದರೆ ಅವಳು ಹತ್ತಲೇಬೇಕಲ್ಲ ಖಾನಂ, ನೀವು ಮೂರು ಮೂರು ಲೋಟ ಕುಡಿಯೋರು ಎಂದು ಹಿಂದಿನಿಂದ ಅಖ್ತರ್ ಚಿಕ್ಕಮ್ಮ ಚುಚ್ಚಿದಳು. ಎಫ್ಫತ್ ಖಾನಂ ಏನೋ ಗೊಣಗುತ್ತ ಬಟ್ಟೆಯ ಅಂಚಿನವರೆಗೆ ಬಂದು ನಿಂತಳು. ತುಳಿಯಲಿಲ್ಲ.

ಒಳಗಿನಿಂದ ಮುಲ್ಲಾ ದನಿ ಎತ್ತಿ ಮೂರನೇ ಸಲ ಕೇಳಿದರು.

ಈರಜ್ ಬಟ್ಟೆಯ ನಡುವೆ ಬಂದು ನಿಂತು ತಲೆ ಎತ್ತಿದ.

“ನಿನ್ನ ಒಪ್ಪಿಗೆ ಕಿತ್ಕೊಳ್ಳೋಕೆ ಬಂದಿಲ್ಲ ಮರ್ಜಾನ್. ಬಟ್ಟೆ ಹಾಸಿದೆ. ತಾನಾಗಿ ಬಿದ್ದರೆ ಸಾಕು.”

ಮರ್ಜಾನ್ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು.

“ಬೂಟು?”

“ಬಾಗಿಲಲ್ಲೇ ಬಿಚ್ಚಿ ಬಂದೆ.”

ಅವಳು ಕೊಂಬೆ ಹಿಡಿದು ಅಲುಗಿಸಿದಳು. ಹೂವೆಲ್ಲ ಅವನ ತಲೆಯ ಮೇಲೆ ಸುರಿಯಿತು.

“ಒಪ್ಪಿದೆ,” ಎಂದಳು, ಬೀದಿಗೆಲ್ಲ ಕೇಳುವ ಹಾಗೆ.