ಗೋಡೆಯಾಚೆಯ ‘ಹೋಯ್ತು’

ಪಕ್ಕದ ಮನೆಯವನ ಕತ್ತು ಹಿಸುಕಬೇಕೆಂದು ನನಗೆ ಮೊದಲ ಸಲ ಅನಿಸಿದ್ದು ಒಂದು ಭಾನುವಾರ ಮಧ್ಯಾಹ್ನ, ಕೊನೆಯ ಓವರಿನ ನಾಲ್ಕನೇ ಬಾಲಿಗೆ. ನನ್ನ ಟೀವಿಯಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದ. ಗೋಡೆಯಾಚೆಯಿಂದ ‘ಹೋಯ್ತೂ’ ಎಂಬ ಕೂಗು ಬಂತು. ಮೂವತ್ತು ಸೆಕೆಂಡ್ ಆದ ಮೇಲೆ ನನ್ನ ಟೀವಿಯಲ್ಲೂ ಹೋಯಿತು. ಸಿಕ್ಸರ್. ಎದೆ ಡವಗುಟ್ಟಬೇಕಾದ ಹೊತ್ತಿನಲ್ಲಿ ನಾನು ಹಲ್ಲು ಕಡಿಯುತ್ತಾ ಕೂತಿದ್ದೆ.

ಅವನದು ಡಿಶ್, ನಮ್ಮದು ಇಂಟರ್ನೆಟ್. ಆಟ ಮೊದಲು ಅವನ ಮನೆಗೆ ಹೋಗಿ, ಹರಟೆ ಹೊಡೆದು, ಆಮೇಲೆ ಪುರಸೊತ್ತಾದಾಗ ನಮ್ಮ ಮನೆಗೆ ಬರುತ್ತದೆ.

ನಾನು ಹಲ್ಲಿನ ಸೆಟ್ ಮಾಡುವವಳು. ವಾರಕ್ಕೆ ಆರು ದಿನ ಲ್ಯಾಬಿನಲ್ಲಿ ಕೂತು, ಮೇಣದಲ್ಲಿ ಒಸಡು ತಿದ್ದಿ, ನಾನು ನೋಡೇ ಇರದ ಬಾಯಿಗಳಿಗೆ ಹಲ್ಲು ಜೋಡಿಸುತ್ತೇನೆ. ಆ ಕೆಲಸದಲ್ಲಿ ‘ಏನಾಗುತ್ತೋ ನೋಡೋಣ’ ಅನ್ನುವ ಹಾಗಿಲ್ಲ. ಮುಂದೇನು ಅಂತ ಗೊತ್ತಿಲ್ಲದೆ ಬಾಯಿ ಬಿಟ್ಟುಕೊಂಡು ಕೂರುವ ಸುಖ ನನಗೆ ಭಾನುವಾರ ಮಾತ್ರ. ಅದಕ್ಕೂ ಒಬ್ಬನ ಗಂಟಲು ಅಡ್ಡ ಬಂದರೆ ಸುಮ್ಮನಿರುವಷ್ಟು ಸಾಧು ಪ್ರಾಣಿ ನಾನಲ್ಲ. ಹೋಗಿ ಬಾಗಿಲು ಬಡಿದೆ.

ಅವನು ಲಿಫ್ಟ್ ಮೆಕ್ಯಾನಿಕ್. ಲಿಫ್ಟಿನ ತಳದ ಗುಂಡಿಯಲ್ಲಿ ನಿಂತು ಎಂಟನೇ ಮಹಡಿಯ ಜೊತೆಗಾರನಿಗೆ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ ಎಂದ. ಅದನ್ನೂ ಕೂಗಿಯೇ ಹೇಳಿದ. ಗಂಟಲಪ್ಪ ಅಂತ ಅವತ್ತೇ ಹೆಸರಿಟ್ಟೆ. ಹೆಸರು ಅವನ ಕಿವಿಗೆ ಬಿದ್ದಾಗ ಮುಖ ಊದಿಸಿಕೊಳ್ಳುವ ಬದಲು ನಕ್ಕುಬಿಟ್ಟ. ನಗುವಾಗ ಬಲಗಡೆಯ ಕೋರೆಹಲ್ಲು ಕೊಂಚ ಹೊರಳಿ ಕೂತಿರುವುದು ಕಾಣಿಸಿತು. ಹುಟ್ಟಾ ಹಾಗೇ ಬಂದ ಹಲ್ಲು. ಆ ಚೆಂದ ನನ್ನ ಮೇಣಕ್ಕೆ ಬರುವುದಿಲ್ಲ. ನೋಡಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಆಮೇಲೆ ಎಂಟು ತಿಂಗಳು ಜಗಳ. ಪ್ರತಿ ಮ್ಯಾಚ್ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಅರ್ಧ ಗಂಟೆ, ಒಂದೊಂದು ಸಲ ಮುಕ್ಕಾಲು ಗಂಟೆ. ಅವನು ಬಾಯಿಗೆ ಟವೆಲ್ ತುರುಕಿಕೊಂಡು ನೋಡಿದ, ಆಗ ಟವೆಲ್ಲಿನೊಳಗಿಂದ ‘ಹೋಯ್ತು’ ಬಂತು. ಅವನಿಗಿದ್ದದ್ದೂ ಅದೊಂದೇ ಶಬ್ದ. ಚೆಂಡು ಬೌಂಡರಿ ದಾಟಿದರೂ ಹೋಯ್ತು, ವಿಕೆಟ್ ಬಿದ್ದರೂ ಹೋಯ್ತು, ಕೈಗೆ ಬಂದ ಕ್ಯಾಚ್ ಬಿಟ್ಟರೂ ಹೋಯ್ತು. ಹೋದದ್ದು ಏನೆಂದು ತಿಳಿಯಲು ಮೂವತ್ತು ಸೆಕೆಂಡ್ ಕಾಯಬೇಕು. ನಿಮ್ಮ ಮನೆಗೂ ಡಿಶ್ ಹಾಕಿಕೊಡ್ತೀನಿ, ಎರಡೂ ಟೀವಿ ಸರಿಹೋಗುತ್ತೆ ಎಂದ ಒಮ್ಮೆ. ನಿಮ್ಮ ಉಪಕಾರ ಯಾರಿಗೆ ಬೇಕು ಎಂದು ಬೈದು ಕಳಿಸಿದೆ. ಎರಡೂ ಸರಿಹೋದರೆ ಭಾನುವಾರ ಯಾವ ನೆಪಕ್ಕೆ ಅವನ ಬಾಗಿಲು ಬಡಿಯಲಿ?

ಇಷ್ಟಾದರೂ ಆ ಮಹಾಶಯ ಬಾಯಿಬಿಟ್ಟು ಮನಸ್ಸಿನ ಒಂದು ಮಾತು ಆಡಲಿಲ್ಲ. ಮೆಟ್ಟಿಲ ಮೇಲೆ ನಾನು ಬೈಯುತ್ತಿದ್ದರೆ ನನ್ನ ಕಿವಿಯ ಹತ್ತಿರದ ಕೂದಲನ್ನೇ ನೋಡುತ್ತಾ ನಿಂತಿರುವನು, ನಾನು ನೋಡಿದ ಕೂಡಲೇ ಲಿಫ್ಟಿನ ಬಾಗಿಲು ಪರೀಕ್ಷಿಸುವನು.

ಈ ನಡುವೆ ನನ್ನನ್ನು ಸಾಕಿದ, ಈಗಲೂ ನನ್ನ ಜೊತೆಗೇ ಇರುವ ಸೋದರತ್ತೆ ಒಂದು ಸಂಬಂಧ ಹುಡುಕಿದಳು. ಕನ್ನಡಕದ ಅಂಗಡಿಯ ಹುಡುಗ, ಒಳ್ಳೆಯವನು. ಭಾನುವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕೆಂದು ಗಡುವು ಕೊಟ್ಟಳು. ಅಷ್ಟಕ್ಕೆ ಬಿಡದೆ, ಸುದ್ದಿಯನ್ನು ಗಂಟಲಪ್ಪನನ್ನೂ ಸೇರಿಸಿ ಇಡೀ ಕಟ್ಟಡಕ್ಕೆ ಸಾರಿದಳು. ಅವನು ಏನಾದರೂ ಹೇಳಬಹುದು ಎಂದು ನಾನು ಬುಧವಾರ ಕಾದೆ, ಗುರುವಾರ ಕಾದೆ. ಶುಕ್ರವಾರ ಲಿಫ್ಟಿನಲ್ಲಿ ಸಿಕ್ಕಿ, ಕನ್ನಡಕದ ವ್ಯಾಪಾರ ಯಾವತ್ತೂ ನಿಲ್ಲುವುದಿಲ್ಲ ಎಂದ.

ಶನಿವಾರ ಕನ್ನಡಕದ ಹುಡುಗನೇ ಫೋನ್ ಮಾಡಿದ. ಮ್ಯಾಚ್ ನೋಡ್ತೀರಾ ಎಂದು ಕೇಳಿದೆ. ಇಡೀ ಮ್ಯಾಚ್ ನೋಡುವಷ್ಟು ಟೈಮ್ ಯಾರಿಗಿರುತ್ತೆ, ಹೈಲೈಟ್ಸ್ ಮಾತ್ರ ನೋಡೋದು ಎಂದ. ಪತ್ತೇದಾರಿ ಕಾದಂಬರಿಯನ್ನೂ ಕೊನೆಯ ಪುಟದಿಂದಲೇ ಶುರು ಮಾಡುತ್ತಾನಂತೆ. ಇಂಥವನ ಜೊತೆ ನಲವತ್ತು ವರ್ಷ ಹೇಗೆ ಕಳೆಯಲಿ?

ಭಾನುವಾರ, ಆಟ ಅರ್ಧ ಮುಗಿದಾಗ, ಊಹೂಂ ಅಂದೆ. ಅತ್ತೆ ರೇಗಿದಳು. ಬಂದ ಭಾಗ್ಯವನ್ನು ಕಾಲಲ್ಲಿ ಒದೆಯುತ್ತಿದ್ದೀಯ ಎಂದಳು. ನಾನೂ ದನಿ ಏರಿಸಿದೆ. ನಮ್ಮಿಬ್ಬರದೂ ಒಂದೇ ಕಂಠ, ಫೋನಿನಲ್ಲಿ ಯಾರು ಯಾರೆಂದು ಹತ್ತಿರದವರಿಗೇ ತಿಳಿಯುವುದಿಲ್ಲ. ಕೊನೆಗೆ ಸಾಕಾಗಿ, ಅವಳು ಗೋಡೆ ಅದುರುವಂತೆ ಕೂಗಿದಳು. “ಆಯ್ತು, ಒಪ್ಪಿದೆ. ಸಾಕಾ?”

ನನ್ನ ಊಹೂಂಗೆ ಅವಳು ಒಪ್ಪಿದ್ದು. ಬಚ್ಚಲಿಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಂಡಳು.

ಆಗ ಗೋಡೆಯಾಚೆಯಿಂದ ‘ಹೋಯ್ತು’ ಎಂದು ಕೇಳಿಸಿತು. ಎಂದಿನ ಕೂಗಲ್ಲ, ಕೆಳಗೆ ಕುಸಿದ ದನಿ. ವಿಕೆಟ್ ಬಿತ್ತೆಂದುಕೊಂಡು ಟೀವಿ ನೋಡುತ್ತಾ ಕೂತೆ. ಬೌಲರ್ ಓಡಿ ಬಂದ. ಬ್ಯಾಟ್ಸ್‌ಮನ್ ಚೆಂಡನ್ನು ಮುಟ್ಟದೆ ಬಿಟ್ಟ. ಮುಂದಿನದನ್ನೂ ಬಿಟ್ಟ. ಮೂವತ್ತು ಸೆಕೆಂಡ್ ಕಳೆದು ಒಂದು ನಿಮಿಷ ಆಯಿತು. ಏನೂ ಹೋಗಲಿಲ್ಲ.

ಇದು ಮಾತ್ರ ನನಗೆ ತಡೆಯಲಾಗಲಿಲ್ಲ. ಇಷ್ಟು ದಿನ ನಿಜ ಹೇಳಿ ಆಟ ಕೆಡಿಸಿದ್ದ, ಇವತ್ತು ಸುಳ್ಳು ಹೇಳಿ ಕೆಡಿಸಿದ. ಬರಿಗಾಲಲ್ಲೇ ಹೋಗಿ ಬಾಗಿಲು ಬಡಿದೆ. ತೆಗೆದ. ಕಣ್ಣು ಕೆಂಪಗಿತ್ತು.

“ಏನ್ರೀ ಹೋಯ್ತು? ಅಲ್ಲೇನೂ ಹೋಗಿಲ್ಲ.”

“ನೀವು,” ಎಂದ.

ನನಗೆ ಅರ್ಥವಾಗಲಿಲ್ಲ. ನೀವು ಒಪ್ಪಿದ್ದು ಕೇಳಿಸ್ತು, ಕಂಗ್ರಾಜುಲೇಷನ್ಸ್ ಎಂದು ನೆಲಕ್ಕೆ ಹೇಳಿದ. ಆಗ ಅರ್ಥವಾಯಿತು. ಅರ್ಥವಾದ ಮೇಲೆ ಬಂದ ಸಿಟ್ಟಿನ ಮುಂದೆ ಎಂಟು ತಿಂಗಳ ಸಿಟ್ಟೆಲ್ಲ ಏನೇನೂ ಅಲ್ಲ.

“ಯಾರೋ ಗುರುತು ಪರಿಚಯ ಇಲ್ಲದೋರು ಔಟಾದ್ರೆ ಊರು ಹಾರಿಹೋಗೋ ಹಾಗೆ ಕೂಗ್ತೀರಿ. ನಾನು ಹೋಗ್ತೀನಿ ಅಂತ ಗೊತ್ತಾದ್ರೆ ಕನ್ನಡಕದ ವ್ಯಾಪಾರದ ಮಾತಾ? ಬೇಡ ಅನ್ನೋಕೆ ನಿಮ್ಮ ಗಂಟಲಿಗೆ ಏನಾಗಿತ್ತು?”

ಒಪ್ಪಿದ್ದು ನಾನಲ್ಲ, ಅತ್ತೆ. ನಾನು ಬೇಡ ಅಂದದ್ದಕ್ಕೆ ಅವಳು ಒಪ್ಪಿದ್ದು ಎಂದು ಬಿಡಿಸಿ ಹೇಳಿದೆ. ಹೇಳುತ್ತಾ ನನ್ನ ಕಣ್ಣಲ್ಲೂ ನೀರು ಬಂತು. ಅದು ಸಿಟ್ಟಿನ ನೀರು, ಆದರೂ ಅವನು ಗಾಬರಿಯಾದ. ಟವೆಲ್ ಕೊಡಲು ಕೈ ಚಾಚಿದ, ಅದನ್ನು ಬಾಯಿಗೆ ತುರುಕಿಕೊಂಡಿದ್ದು ನೆನಪಾಗಿ ಹಿಂದಕ್ಕೆ ಎಳೆದುಕೊಂಡ. ನನಗೆ ನಗು ಬಂದದ್ದನ್ನು ಕಷ್ಟಪಟ್ಟು ನುಂಗಿದೆ.

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ತುಟಿ ಎರಡು ಸಲ ಅಲುಗಿತು. ಆಮೇಲೆ, ಎಂಟು ತಿಂಗಳಲ್ಲಿ ಮೊದಲ ಸಲ, ಮೆಲ್ಲಗೆ ಮಾತಾಡಿದ.

“ಹೋಗ್ಬೇಡಿ. ನೀವಂದ್ರೆ ನಂಗೆ ತುಂಬಾ ಇಷ್ಟ.”

ಕೇಳಿಸಿತ್ತು, ಒಂದೊಂದು ಅಕ್ಷರವೂ ಕೇಳಿಸಿತ್ತು. ಆದರೂ ಕೇಳಿಸಲಿಲ್ಲ ಎಂದೆ. ಇನ್ನೊಮ್ಮೆ ಹೇಳಿದ. ಎಲ್ಲಿಗೂ ಹೋಗಲ್ಲ ಎಂದು ನಾನೂ ಬಯ್ಯುವ ದನಿಯಲ್ಲೇ ಹೇಳಿ ಅವನ ಕೈ ಹಿಡಿದುಕೊಂಡೆ. ಅವನ ಬೆನ್ನ ಹಿಂದೆ ಟೀವಿಯಲ್ಲಿ ಇಡೀ ಸ್ಟೇಡಿಯಂ ಒಮ್ಮೆಲೇ ಎದ್ದು ಕೂಗಿತು. ಏನಾಯಿತೆಂದು ಅವನು ತಿರುಗಿ ನೋಡಲಿಲ್ಲ.